23 ಮಕ್ಕಳ ಶಾಲೆಗೂ ಶೈಕ್ಷಣಿಕ ನಿರ್ವಹಣೆ ಬೇಕಾ? ಕೊಡಗಿನ ಶಿಕ್ಷಕರು, ಪೋಷಕರು ದಯವಿಟ್ಟು ಹೇಳಿ

ಸೋಮವಾರಪೇಟೆ ಟೀಚರ್

ಎಲ್ಲರಿಗೂ ನಮಸ್ಕಾರ. ಈ ಜೂನ್‌ನಿಂದ ನಮ್ಮ ಕಿರಿಯ ಪ್ರಾಥಮಿಕ ಶಾಲೆಯ ಪ್ರಭಾರ ನನಗೆ ಬಂದಿದೆ. 1ರಿಂದ 5ನೇ ತರಗತಿ, ಒಟ್ಟು 23 ಮಕ್ಕಳು, ನಾವು ಇಬ್ಬರು ಶಿಕ್ಷಕಿಯರು.

ಡಿ.ಎಡ್. ಓದುವಾಗ ಶೈಕ್ಷಣಿಕ ನಿರ್ವಹಣೆಯ ಅರ್ಥ, ಅಗತ್ಯ, ಸ್ವರೂಪ ಅಂತ ಪಾಠ ಇತ್ತು. ಹತ್ತು ಅಂಕದ ಪ್ರಶ್ನೆ. ಬಾಯಿಪಾಠ ಮಾಡಿ ಬರೆದೆವು. ಈಗ ಬೀಗದ ಕೈಗೊಂಚಲು, ಕ್ಯಾಶ್ ಬುಕ್, ಹಾಜರಿ ಪುಸ್ತಕ, ಬಿಸಿಯೂಟದ ದಾಸ್ತಾನು ವಹಿ ಎಲ್ಲ ನನ್ನ ಮೇಜಿನ ಮೇಲಿವೆ. ಹಿರಿಯ ಸಹೋದ್ಯೋಗಿಗಳು "ಲೆಕ್ಕ ಸರಿ ಇಟ್ಕೊಳ್ಳಿ, ಕೇಳಿದ ಮಾಹಿತಿ ಕಳಿಸ್ತಾ ಇರಿ, ಅಷ್ಟು ಸಾಕು" ಅಂತಾರೆ. ನನಗೆ ಅಷ್ಟು ಸಾಕು ಅನ್ನಿಸುತ್ತಿಲ್ಲ. ಲೆಕ್ಕ ಸರಿ ಇದ್ದೂ 4ನೇ ತರಗತಿಯ ಮಗುವಿಗೆ ಓದಲು ಬರದಿದ್ದರೆ ಆ ಶಾಲೆಯನ್ನು ಚೆನ್ನಾಗಿ ನಡೆಸಿದ ಹಾಗಾಯ್ತಾ?

ಕೇಳಬೇಕಾದದ್ದು ಇಷ್ಟೇ. ನಿರ್ವಹಣೆ ಅಂದರೆ ನಿಜಕ್ಕೂ ಏನು? ನಮ್ಮಂಥ ಪುಟ್ಟ ಶಾಲೆಗೆ ಅದು ಬೇಕಾ, ಅಥವಾ ಅದು ದೊಡ್ಡ ಹೈಸ್ಕೂಲು, ಕಾಲೇಜಿನವರ ವಿಷಯವಾ?

ನಿವೃತ್ತ ಮೇಷ್ಟ್ರು, ಮಡಿಕೇರಿ

ಟೀಚರ್, ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಶಾಲೆಗೆ ಮುಖ್ಯ ಶಿಕ್ಷಕರ ಹುದ್ದೆ ಇಲ್ಲ, ಪ್ರಭಾರ ಮಾತ್ರ. ಯಾಕೆ ಅಂತ ತಿಳಿಯಬೇಕಾದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ನೋಡಿ. 1ರಿಂದ 5ನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 61ರಿಂದ 90ಕ್ಕೆ ಮೂವರು. 150 ದಾಟಿದರೆ ಮಾತ್ರ ಪ್ರತ್ಯೇಕ ಮುಖ್ಯ ಶಿಕ್ಷಕರು. ಈಗ ನಮ್ಮ ಜಿಲ್ಲೆ ನೋಡಿ. 2011ರ ಜನಗಣತಿ ಪ್ರಕಾರ ಇಡೀ ಕೊಡಗಿಗೆ ಐದೂವರೆ ಲಕ್ಷ ಜನ. ಚದರ ಕಿಲೋಮೀಟರಿಗೆ 135 ಮಂದಿ. ರಾಜ್ಯದ ಸರಾಸರಿ 319. ನಮ್ಮಲ್ಲಿ ಮನೆಗಳು ಗುಂಪಾಗಿ ಇಲ್ಲ. ತೋಟ, ಗದ್ದೆ, ಹೊಳೆ ದಾಟಿ ಅಲ್ಲೊಂದು ಇಲ್ಲೊಂದು. ಹಾಗಾಗಿ ಇಲ್ಲಿ ಶಾಲೆಗಳು ಚಿಕ್ಕದಾಗಿಯೇ ಇರುತ್ತವೆ. ಅದು ಯಾರ ತಪ್ಪೂ ಅಲ್ಲ.

ಅಂದರೆ ಕಾಯ್ದೆ ನಿಮಗೆ ಹುದ್ದೆ ಕೊಟ್ಟಿಲ್ಲ, ಆದರೆ ಹುದ್ದೆಯ ಕೆಲಸ ಪೂರ್ತಿ ಇದೆ. 300 ಮಕ್ಕಳ ಶಾಲೆಯಲ್ಲಿ ಒಬ್ಬ ಶಿಕ್ಷಕರು ರಜೆ ಹಾಕಿದರೆ ಇನ್ನೊಬ್ಬರು ಆ ತರಗತಿಗೆ ಹೋಗುತ್ತಾರೆ. ನಿಮ್ಮಲ್ಲಿ ಒಬ್ಬರು ತಾಲ್ಲೂಕಿನ ಸಭೆಗೆ ಹೋದರೆ ಅರ್ಧ ಶಾಲೆಯೇ ಎದ್ದು ಹೋದ ಹಾಗೆ. ನಾನು ಹೇಳೋದು ಇಷ್ಟು: ಶಾಲೆ ಚಿಕ್ಕದಾದಷ್ಟೂ ನಿರ್ವಹಣೆ ಜಾಸ್ತಿ ಬೇಕು.

ಮಗು ಶಾಲೆಯಲ್ಲಿ ಇರುವ ಹೊತ್ತು ಕಲಿಕೆಗೇ ಸಿಗಬೇಕು. ಅದಕ್ಕಾಗಿ ಮುಂಚೆಯೇ ಯೋಚಿಸಿ, ನಾಲ್ಕು ಜನರನ್ನು ಕೂಡಿಸಿಕೊಂಡು ಏರ್ಪಾಡು ಮಾಡೋದೇ ನಿರ್ವಹಣೆ. ವಹಿ, ಲೆಕ್ಕ, ವರದಿ ಎಲ್ಲ ಅದಕ್ಕೆ ನೆರವಾಗಬೇಕಾದ ಸಾಮಾನು.

ಒಂದು ಉದಾಹರಣೆ ಕೊಡುತ್ತೇನೆ, ಬಿಸಿಯೂಟದ ಅಕ್ಕಿಯದ್ದು. ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ. ನಿಮ್ಮ 23 ಮಕ್ಕಳಿಗೆ ದಿನಕ್ಕೆ 2.3 ಕೆ.ಜಿ. ತಿಂಗಳಿಗೆ 22 ದಿನ ಶಾಲೆ ನಡೆದರೆ ಸುಮಾರು 50 ಕೆ.ಜಿ., ಅಂದರೆ ಒಂದು ಮೂಟೆ. ಮಳೆ ರಜೆ ಬಂದರೆ ಅದೂ ಖರ್ಚಾಗಲ್ಲ. ನಮ್ಮ ಕಕ್ಕಡ ತಿಂಗಳ (ಜುಲೈ, ಆಗಸ್ಟ್) ಮಳೆಯಲ್ಲಿ ಗೋಡೆಯೇ ಬೆವರುತ್ತದೆ. ಆಗ ಮೂರು ನಾಲ್ಕು ಮೂಟೆ ಗೋಡೆಗೆ ಒರಗಿಸಿ ಇಟ್ಟರೆ ಕೆಳಗಿನದು ಮುಗ್ಗಲು ಹಿಡಿಯುತ್ತದೆ, ಹುಳ ಬೀಳುತ್ತದೆ. ಅಡುಗೆಯವರು ಬೆಳಗ್ಗೆಯೆಲ್ಲ ಕೂತು ಆರಿಸುತ್ತಾರೆ. ಊಟ ತಡ. ಊಟ ತಡವಾದರೆ ಮಧ್ಯಾಹ್ನದ ಮೊದಲ ಅವಧಿ ಹೋಯಿತು. ಹೋಗೋದು 5ನೇ ತರಗತಿಯ ಗಣಿತ! ಅದಕ್ಕೆ ಮೇ ತಿಂಗಳಲ್ಲೇ ಮಳೆಗಾಲಕ್ಕೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ ಅಷ್ಟೇ ಬೇಡಿಕೆ ಕೊಡಿ. ಮೂಟೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ಹಳೆಯ ಮೂಟೆ ಮೊದಲು ಖರ್ಚು. ದಾಸ್ತಾನು ವಹಿಯಲ್ಲಿ ಮೊತ್ತ ತಾಳೆಯಾದರೆ ಲೆಕ್ಕ ಆಯಿತು. ಗಣಿತದ ಅವಧಿ ಉಳಿದರೆ ನಿರ್ವಹಣೆ ಆಯಿತು.

ಬಿ.ಎಡ್. ಉಪನ್ಯಾಸಕ, ವಿರಾಜಪೇಟೆ

ಮೇಷ್ಟ್ರು ಹೇಳಿದ್ದಕ್ಕೆ ಪುಸ್ತಕದ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಟೀಚರ್ ಬಾಯಿಪಾಠ ಮಾಡಿದ್ದು ಎಲ್ಲಿಂದ ಬಂತು ಅಂತ ಗೊತ್ತಾದರೆ ಅದನ್ನು ಎಷ್ಟು ನಂಬಬೇಕು ಅನ್ನೋದೂ ಗೊತ್ತಾಗುತ್ತದೆ.

ನಾವು ಕಲಿಸುವ ಯೋಜನೆ, ಸಂಘಟನೆ, ನಿರ್ದೇಶನ, ಸಮನ್ವಯ, ನಿಯಂತ್ರಣ ಎಂಬ ಐದು ಕೆಲಸಗಳು ಫ್ರಾನ್ಸಿನ ಹೆನ್ರಿ ಫಯೋಲ್ 1916ರಲ್ಲಿ ಬರೆದ ಗ್ರಂಥದಿಂದ ಬಂದವು. ಫಯೋಲ್ ಗಣಿ ಎಂಜಿನಿಯರ್. ಕಲ್ಲಿದ್ದಲು ಮತ್ತು ಉಕ್ಕಿನ ಕಂಪನಿ ನಡೆಸಿದವರು. 1937ರಲ್ಲಿ ಅಮೆರಿಕದ ಲೂಥರ್ ಗ್ಯುಲಿಕ್ ಈ ಪಟ್ಟಿಯನ್ನು ಬೆಳೆಸಿ ಸಿಬ್ಬಂದಿ, ವರದಿ, ಆಯವ್ಯಯ ಸೇರಿಸಿದರು. ಅವರ ಕಣ್ಣ ಮುಂದೆ ಇದ್ದದ್ದು ಸರಕಾರಿ ಕಚೇರಿ. ಇಬ್ಬರ ಎದುರಿಗೂ ಶಾಲೆ ಇರಲಿಲ್ಲ. ಆಮೇಲೆ ಶಿಕ್ಷಣ ಶಾಸ್ತ್ರದವರು ಅದನ್ನು ಶಾಲೆಗೆ ತಂದರು.

ತಂದದ್ದು ತಪ್ಪಲ್ಲ. ಯೋಜನೆ ಇಲ್ಲದೆ ಏನೂ ನಡೆಯಲ್ಲ. ಆದರೆ ಶಾಲೆಯ ಸ್ವರೂಪ ಬೇರೆ. ಕಾರ್ಖಾನೆಯಲ್ಲಿ ಸಂಜೆಯೊಳಗೆ ಎಷ್ಟು ಮಾಲು ತಯಾರಾಯಿತು ಅಂತ ಎಣಿಸಬಹುದು. ಮಗು ಕಲಿತದ್ದು ತಿಳಿಯೋಕೆ ವರ್ಷಗಳು ಬೇಕು. ಹಾಳಾದ ಮಾಲು ಬದಿಗಿಡಬಹುದು, ಮಗುವನ್ನು ಇಡೋಕಾಗಲ್ಲ. ಕಂಪನಿಯ ಗುರಿಯನ್ನು ಮಾಲೀಕರು ತೀರ್ಮಾನಿಸುತ್ತಾರೆ. ಶಾಲೆಯ ಗುರಿಯನ್ನು ಸಂವಿಧಾನ, ಕಾಯ್ದೆ, ಪಠ್ಯಕ್ರಮ, ಊರಿನವರು, ತಂದೆತಾಯಿ ಎಲ್ಲರೂ ಸೇರಿ ತೀರ್ಮಾನಿಸುತ್ತಾರೆ.

ಇನ್ನು ಆಡಳಿತಕ್ಕೂ ನಿರ್ವಹಣೆಗೂ ವ್ಯತ್ಯಾಸ ಏನು ಅಂತ ವಿದ್ಯಾರ್ಥಿಗಳು ಸದಾ ಕೇಳುತ್ತಾರೆ. ನೀತಿ ಮಾಡೋದು, ನಿಯಮ ಹೊರಡಿಸೋದು, ಅದು ಪಾಲನೆ ಆಯಿತಾ ಅಂತ ನೋಡೋದು ಆಡಳಿತ. ಆ ನಿಯಮದೊಳಗೇ ಇದ್ದುಕೊಂಡು, ಇರುವ ಜನ, ಇರುವ ಹಣ, ಇರುವ ಸಮಯದಲ್ಲಿ ಕೆಲಸ ಆಗುವಂತೆ ಮಾಡೋದು ನಿರ್ವಹಣೆ. 1976ರ 42ನೇ ತಿದ್ದುಪಡಿಯ ನಂತರ ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರವೂ ನಿಯಮ ಮಾಡುತ್ತದೆ, ರಾಜ್ಯವೂ ಮಾಡುತ್ತದೆ. ಆಯುಕ್ತರ ಕಚೇರಿ, ಉಪನಿರ್ದೇಶಕರು, ಕ್ಷೇತ್ರ ಶಿಕ್ಷಣಾಧಿಕಾರಿ, ಸಮೂಹ ಸಂಪನ್ಮೂಲ ವ್ಯಕ್ತಿ, ಹೀಗೆ ಇಳಿದು ಇಳಿದು ಎಲ್ಲ ನಿಯಮವೂ ಕೊನೆಗೆ ಬಂದು ನಿಲ್ಲೋದು ಟೀಚರ್ ಮೇಜಿನ ಮೇಲೆ. ಅಲ್ಲಿ ಅದನ್ನು ಮಕ್ಕಳಿಗೆ ಒದಗುವ ಹಾಗೆ ಮಾಡುವ ಜವಾಬ್ದಾರಿ ಅವರದು.

ಸಿದ್ದಾಪುರ ಅಮ್ಮ (ಎಸ್‌ಡಿಎಂಸಿ ಸದಸ್ಯೆ)

ಸರ್, ನೀವು ಹೇಳಿದ್ದರಲ್ಲಿ ನಮ್ಮ ಹೆಸರು ಬರಲೇ ಇಲ್ಲ. ಆಯುಕ್ತರಿಂದ ಟೀಚರ್‌ವರೆಗೆ ಬಂದು ನಿಲ್ಲಿಸಿದಿರಿ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ನಮ್ಮ ಕರ್ನಾಟಕದಲ್ಲಿ ಆ ಕಾಯ್ದೆಗೂ ಮುಂಚೆ, 2001ರಲ್ಲೇ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂದಿತ್ತು. ಶಾಲೆ ನಡೆಸುವುದರಲ್ಲಿ ನಾವೂ ಇದ್ದೇವೆ.

ನಾನು ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲು ಮನೆ) ಇರುವವಳು. ಸಮಿತಿಯ ಸಭೆ ಮೊದಲು ಬೆಳಗ್ಗೆ 11 ಗಂಟೆಗೆ ಕರೆಯುತ್ತಿದ್ದರು. ಜನವರಿಯಲ್ಲಿ ರೊಬಸ್ಟಾ ಕುಯ್ಲು ನಡೆಯುವಾಗ ಕೆ.ಜಿ. ಲೆಕ್ಕದಲ್ಲಿ ಕೂಲಿ. ಆ ಹೊತ್ತಲ್ಲಿ ಬಂದರೆ ಅರ್ಧ ದಿನದ ದುಡ್ಡು ಹೋಗುತ್ತದೆ. ಬಾರದಿದ್ದರೆ "ಪೋಷಕರಿಗೆ ಆಸಕ್ತಿ ಇಲ್ಲ" ಅಂತ ಬರೆಯುತ್ತಾರೆ. ನಮ್ಮ ಶಾಲೆಗೆ ಈಗಿನ ಟೀಚರ್ ಬಂದ ಮೇಲೆ ಸಭೆ ಸಂತೆ ದಿನಕ್ಕೆ ಬದಲಾಯಿತು. ಆವತ್ತು ತೋಟಕ್ಕೆ ರಜೆ. ಹೇಗೂ ಪೇಟೆಗೆ ಬರುತ್ತೇವೆ, ಶಾಲೆಗೂ ಬರುತ್ತೇವೆ. ಈಗ ಹೆಂಗಸರೇ ಜಾಸ್ತಿ.

ಸಭೆಯಲ್ಲಿ ಮೊದಲು ಮಾತಾಡಿದ್ದು ಆನೆ ವಿಷಯ. ನಮ್ಮ ಕಡೆ ಬೆಳಗ್ಗೆ ಮಂಜು ಇರುವಾಗ ಮಕ್ಕಳು ತೋಟದ ದಾರಿಯಲ್ಲಿ ಒಂಟಿಯಾಗಿ ಬರುವ ಹಾಗಿಲ್ಲ. ಆನೆ ರಾತ್ರಿಯೆಲ್ಲ ಹಲಸು ತಿಂದು ಅಲ್ಲೇ ನಿಂತಿರುತ್ತದೆ. ಮೂರು ಲೈನ್‌ನ ಮಕ್ಕಳು ಒಟ್ಟಾಗಿ, ದೊಡ್ಡವರೊಬ್ಬರ ಜೊತೆ ಬರುವುದು ಅಂತ ತೀರ್ಮಾನ ಆಯಿತು. ಯಾವ ವಾರ ಯಾರ ಪಾಳಿ ಅಂತ ಚೀಟಿ ಬರೆದು ಗೋಡೆಗೆ ಅಂಟಿಸಿದ್ದೇವೆ. ಆನೆ ಬಂದಿದೆ ಅಂತ ಅರಣ್ಯದವರ ಮೆಸೇಜ್ ಬಂದ ದಿನ ಮಕ್ಕಳು ತಡವಾಗಿ ಬಂದರೆ ಗೈರು ಹಾಕುವುದಿಲ್ಲ. ಇದಕ್ಕೆ ದುಡ್ಡು ಬೇಕಾಗಲಿಲ್ಲ. ಕೂತು ಮಾತಾಡಬೇಕಾಗಿತ್ತು ಅಷ್ಟೇ.

ಗೋಣಿಕೊಪ್ಪ ಶಾಲೆಯವ

ನಾನು ಖಾಸಗಿ ಶಾಲೆಯ ಆಡಳಿತದಲ್ಲಿ ಇದ್ದೇನೆ. ಉಪನ್ಯಾಸಕರು ಹೇಳಿದ "ಶಾಲೆ ಕಂಪನಿ ಅಲ್ಲ" ಅನ್ನೋದು ಅರ್ಧ ಸರಿ. ನಾವು ಏಪ್ರಿಲ್‌ನಲ್ಲೇ ಇಡೀ ವರ್ಷದ ಕ್ಯಾಲೆಂಡರ್ ಮುದ್ರಿಸುತ್ತೇವೆ. ಬಸ್ಸಿನ ಎಫ್‌ಸಿ (ಸುಸ್ಥಿತಿ ಪ್ರಮಾಣಪತ್ರ), ಟಯರು, ಬ್ರೇಕು ಮಳೆಗೆ ಮುಂಚೆ ಮುಗಿಸುತ್ತೇವೆ. ಪ್ರತಿ ತಿಂಗಳು ಶಿಕ್ಷಕರ ಜೊತೆ ಕೂತು ಯಾವ ಪಾಠ ಎಲ್ಲಿಗೆ ಬಂತು, ಯಾವ ಮಗು ಹಿಂದೆ ಬಿತ್ತು ಅಂತ ನೋಡುತ್ತೇವೆ. ಶುಲ್ಕ ಕೊಟ್ಟ ಪೋಷಕರು ಪ್ರಶ್ನೆ ಕೇಳುತ್ತಾರೆ, ನಾವು ಉತ್ತರ ಕೊಡಲೇಬೇಕು. ಆ ಉತ್ತರದಾಯಿತ್ವ ಸರಕಾರಿ ಶಾಲೆಯಲ್ಲಿ ಎಲ್ಲಿದೆ? ಯಾರನ್ನೂ ನೋಯಿಸಲು ಹೇಳುತ್ತಿಲ್ಲ. ಕಂಪನಿಯವರಿಂದ ಕಲಿಯುವುದು ಇದೆ ಅಂತಷ್ಟೇ.

ನಿವೃತ್ತ ಮೇಷ್ಟ್ರು, ಮಡಿಕೇರಿ

ನೀವು ತಿಂಗಳಿಗೊಮ್ಮೆ ಕೂತು ಮಕ್ಕಳ ಹೆಸರು ಹಿಡಿದು ಮಾತಾಡುವುದು ನಿಜಕ್ಕೂ ದೊಡ್ಡ ಕೆಲಸ. ಎಲ್ಲ ಶಾಲೆಯಲ್ಲೂ ನಡೆಯಬೇಕು. ಬಸ್ಸಿನ ವಿಷಯವೂ ಹಾಗೆ.

ಆದರೆ ಒಂದು ಗಮನಿಸಿ. ನಿಮಗೆ ಶಿಕ್ಷಕರನ್ನು ಆರಿಸಿಕೊಳ್ಳುವ ಅಧಿಕಾರ ಇದೆ, ಶುಲ್ಕ ನಿಗದಿ ಮಾಡುವ ಅಧಿಕಾರ ಇದೆ. ಪ್ರಭಾರದ ಟೀಚರ್‌ಗೆ ಎರಡೂ ಇಲ್ಲ. ಸಹೋದ್ಯೋಗಿಗೆ ವರ್ಗಾವಣೆ ಆದರೆ ಜಾಗ ತುಂಬುವುದು ಅವರ ಕೈಲಿಲ್ಲ. ಅತಿಥಿ ಶಿಕ್ಷಕರು ಬರುವವರೆಗೆ ಕಾಯಬೇಕು. ಹಣ? ಸಮಗ್ರ ಶಿಕ್ಷಣ ಯೋಜನೆಯಲ್ಲಿ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ ಸಂಯುಕ್ತ ಅನುದಾನ. ಅದರಲ್ಲಿ ಹತ್ತರಲ್ಲಿ ಒಂದು ಪಾಲು ಸ್ವಚ್ಛತೆಗೆ. ಉಳಿದದ್ದರಲ್ಲಿ ಸೀಮೆಸುಣ್ಣ, ಕಾಗದ, ಒಡೆದ ಹೆಂಚು, ಕರೆಂಟು ಬಿಲ್ಲು. ಅಧಿಕಾರ ಕಡಿಮೆ, ಹೊಣೆ ಜಾಸ್ತಿ. ಇಂಥಲ್ಲಿ ಆದೇಶ ಕೊಟ್ಟು ಕೆಲಸ ಮಾಡಿಸಲು ಬರಲ್ಲ. ಮಾತಾಡಿ, ಒಪ್ಪಿಸಿ, ಜೊತೆಗೆ ನಿಂತು ಮಾಡಿಸಬೇಕು. ಸಿದ್ದಾಪುರದ ಅಮ್ಮ ಹೇಳಿದ ಚೀಟಿ ಇದೆಯಲ್ಲ, ಅದನ್ನು ಯಾವ ಸುತ್ತೋಲೆಯೂ ಬರೆಸಲು ಸಾಧ್ಯ ಇರಲಿಲ್ಲ.

ಉತ್ತರದಾಯಿತ್ವದ ಬಗ್ಗೆಯೂ ಒಂದು ಮಾತು. ಶುಲ್ಕ ಕೊಟ್ಟವರಿಗೆ ಮಾತ್ರ ಪ್ರಶ್ನೆ ಕೇಳುವ ಹಕ್ಕು ಅನ್ನೋದನ್ನು ನಾನು ಒಪ್ಪಲ್ಲ. ಲೈನ್ ಮನೆಯ ತಾಯಿ ಸಭೆಯಲ್ಲಿ ಎದ್ದು ನಿಂತು "ನನ್ನ ಮಗಳಿಗೆ ಭಾಗಾಕಾರ ಯಾಕೆ ಬರ್ತಿಲ್ಲ" ಅಂತ ಕೇಳುವ ಹಾಗಾಗಬೇಕು. ಆ ಧೈರ್ಯ ಬರುವ ವಾತಾವರಣ ಮಾಡುವುದು ಶಾಲೆ ನಡೆಸುವವರ ಕೆಲಸ.

ಸಿಆರ್‌ಪಿ, ಹೆಸರು ಬೇಡ

ನಾನು ಸಮೂಹ ಸಂಪನ್ಮೂಲ ವ್ಯಕ್ತಿ. ಮೇಲಿನವರ ಸಂದೇಶ ಶಾಲೆಗೆ, ಶಾಲೆಯ ಮಾಹಿತಿ ಮೇಲಕ್ಕೆ. ನಡುವೆ ನಿಂತು ಕಂಡದ್ದನ್ನು ಹೇಳುತ್ತೇನೆ.

ಶಾಲೆಗಳ ಮಾಹಿತಿ ಇಡುವ ಯುಡೈಸ್ ಜಾಲತಾಣದಲ್ಲಿ ಶಾಲೆಯ ಶೌಚಾಲಯ, ಕೊಠಡಿ, ಶಿಕ್ಷಕರು, ಮಕ್ಕಳು ಎಲ್ಲ ಇದೆ. ಪ್ರತಿ ಮಗುವಿನ ವಿವರ ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ ಎಸ್‌ಎಟಿಎಸ್‌ನಲ್ಲಿದೆ. ಆದರೂ ಅದೇ ಸಂಖ್ಯೆಯನ್ನು ವಾಟ್ಸ್ಆ್ಯಪ್‌ನಲ್ಲಿ "ಮಧ್ಯಾಹ್ನ 3ರೊಳಗೆ ತುರ್ತು" ಅಂತ ಮತ್ತೆ ಕೇಳುತ್ತಾರೆ. ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲ. ಟೀಚರ್ ಪಾಠ ಬಿಟ್ಟು ರಸ್ತೆ ತಿರುವಿನವರೆಗೆ ನಡೆದು ಹೋಗಿ ಕಳಿಸುತ್ತಾರೆ. ಆ ಅರ್ಧ ಗಂಟೆ ಯಾರ ಲೆಕ್ಕದಲ್ಲೂ ಇಲ್ಲ.

ಕಾಯ್ದೆಯ 27ನೇ ಕಲಂ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕುವ ಹಾಗಿಲ್ಲ. ಮಾಹಿತಿ ಕೊಡುವುದನ್ನು ಯಾರೂ ಶಿಕ್ಷಣೇತರ ಕೆಲಸ ಅನ್ನಲ್ಲ. ಆದರೆ ಮಗುವಿನ ಕಡೆಯಿಂದ ನೋಡಿದರೆ ಟೀಚರ್ ತರಗತಿಯಲ್ಲಿ ಇಲ್ಲ, ಅಷ್ಟೇ.

ನಾನು ಈಗ ಮಾಡುತ್ತಿರುವುದು ಇಷ್ಟು. ನನ್ನ ಕ್ಲಸ್ಟರಿನ ಎಲ್ಲ ಶಾಲೆಯ ಮೂಲ ಅಂಕಿಅಂಶ ಒಂದೇ ಹಾಳೆಯಲ್ಲಿ ಇಟ್ಟುಕೊಂಡಿದ್ದೇನೆ. ಹಳೆಯ ಮಾಹಿತಿಯನ್ನೇ ಮತ್ತೆ ಕೇಳಿದರೆ ನಾನೇ ಭರ್ತಿ ಮಾಡಿ ಕಳಿಸುತ್ತೇನೆ, ಟೀಚರ್‌ಗಳಿಗೆ ಫೋನ್ ಮಾಡಲ್ಲ. ಶಾಲೆಗೆ ಹೋದಾಗ ಮೊದಲು ವಹಿ ತೆರೆಸುವುದನ್ನು ಬಿಟ್ಟಿದ್ದೇನೆ. ಮೊದಲು ಮಕ್ಕಳ ಜೊತೆ ಕೂತು ಓದಿಸುತ್ತೇನೆ. ಆಮೇಲೆ ವಹಿ. ಈ ಹುದ್ದೆ ಇರುವುದೇ ಶಿಕ್ಷಕರಿಗೆ ಬೆಂಬಲ ಕೊಡೋಕೆ. ಅಂಚೆ ಕೆಲಸಕ್ಕಲ್ಲ.

ತಿತಿಮತಿ ಕಡೆಯ ಶಿಕ್ಷಕ

ನಾನು ಆಶ್ರಮ ಶಾಲೆಯಲ್ಲಿದ್ದೇನೆ. ಜೇನುಕುರುಬ ಮತ್ತು ಯರವ ಮಕ್ಕಳು. ನಮ್ಮದು ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆ. ಪಠ್ಯ, ಪರೀಕ್ಷೆ ಶಿಕ್ಷಣ ಇಲಾಖೆಯದು. ಒಂದೇ ಅಂಗಳಕ್ಕೆ ಎರಡು ಇಲಾಖೆ. ಹಾಸ್ಟೆಲಿನ ಬಿಸಿನೀರು ಹಂಡೆ ಕೆಟ್ಟರೆ ಒಬ್ಬರಿಗೆ ಬರೆಯಬೇಕು, ತರಬೇತಿಗೆ ಇನ್ನೊಬ್ಬರಿಗೆ. ಸಮನ್ವಯ ಅಂತ ಪುಸ್ತಕದಲ್ಲಿ ಒಂದು ಪದ ಇದೆ. ನಮಗೆ ಅದು ದಿನಾ ಬೆಳಗಿನ ಕೆಲಸ.

ಹೇಳಬೇಕಾದ ಮುಖ್ಯ ವಿಷಯ ಬೇರೆ. ಹಾಡಿಯಿಂದ (ಬುಡಕಟ್ಟಿನವರ ವಾಸದ ಜಾಗ) ಬಂದ ಆರು ವರ್ಷದ ಮಗುವಿಗೆ ಕನ್ನಡ ಮನೆಮಾತಲ್ಲ. "ಪುಸ್ತಕ ತೆಗಿ" ಅಂದರೆ ಸುಮ್ನೆ ನೋಡುತ್ತದೆ. ಮೊದಲಿಗೆ ಎಲ್ಲರೂ ಅದನ್ನು ಮೊದ್ದು ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಅಡುಗೆ ಸಹಾಯಕಿ ಯರವ ಸಮುದಾಯದವರು. ಅವರನ್ನು ಬೆಳಗಿನ ಮೊದಲ ಅವಧಿಯಲ್ಲಿ 1ನೇ ತರಗತಿಯಲ್ಲಿ ಕೂರಿಸುತ್ತೇವೆ. ಅವರು ಒಂದು ಕಥೆ ಯರವ ಮಾತಿನಲ್ಲಿ ಹೇಳುತ್ತಾರೆ, ನಾನು ಅದನ್ನೇ ಕನ್ನಡದಲ್ಲಿ ಹೇಳುತ್ತೇನೆ. ಮಕ್ಕಳು ಎರಡರ ನಡುವೆ ಓಡಾಡುತ್ತಾ ಕಲಿಯುತ್ತಾರೆ. ಇದಕ್ಕಾಗಿ ಅಡುಗೆ ಮನೆಯ ಸಮಯ ಬದಲಾಯಿಸಬೇಕಾಯಿತು. ತರಕಾರಿ ಹಿಂದಿನ ಸಂಜೆಯೇ ಹೆಚ್ಚಿಡುತ್ತಾರೆ.

ನನ್ನ ಲೆಕ್ಕದಲ್ಲಿ ಇದೇ ನಿಜವಾದ ಸಿಬ್ಬಂದಿ ನಿರ್ವಹಣೆ. ಯಾರಿಗೆ ಯಾವ ಹುದ್ದೆ ಅನ್ನೋದು ಆದೇಶದಲ್ಲಿ ಇರುತ್ತದೆ. ಯಾರಿಗೆ ಏನು ಗೊತ್ತು ಅನ್ನೋದು ಅಲ್ಲಿ ಇರಲ್ಲ, ನಾವೇ ಕಂಡುಕೊಳ್ಳಬೇಕು.

ಸಿದ್ದಾಪುರ ಅಮ್ಮ (ಎಸ್‌ಡಿಎಂಸಿ ಸದಸ್ಯೆ)

ಸರ್, ನಮ್ಮಲ್ಲಿ ಅಸ್ಸಾಂ ಕಡೆಯವರ ಮಕ್ಕಳಿಗೂ ಇದೇ ಕಷ್ಟ. ತೋಟಕ್ಕೆ ನಡುವರ್ಷ ಬರುತ್ತಾರೆ. ಟಿಸಿ ಇಲ್ಲ, ಜನನ ಪತ್ರ ಇಲ್ಲ ಅಂತ ಕೆಲವು ಕಡೆ ಸೇರಿಸಿಕೊಳ್ಳಲ್ಲ. ಅದು ಸರಿನಾ?

ಬಿ.ಎಡ್. ಉಪನ್ಯಾಸಕ, ವಿರಾಜಪೇಟೆ

ಸರಿ ಅಲ್ಲ ಅಕ್ಕ. ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವ ಹಾಗಿಲ್ಲ, 14ನೇ ಕಲಂ. ಟಿಸಿ ತಡವಾಯಿತು ಅಂತಲೂ ನಿರಾಕರಿಸುವ ಹಾಗಿಲ್ಲ, 5ನೇ ಕಲಂ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು, 15ನೇ ಕಲಂ. ಶಾಲೆಗೇ ಹೋಗದ ಮಗುವಾದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು, 4ನೇ ಕಲಂ. ಇದನ್ನು ಬರೆದು ಸಮಿತಿಯ ಸಭೆಯಲ್ಲಿ ಓದಿ. ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ.

ಭಾಗಮಂಡಲ ಪೋಷಕ

ಎಲ್ಲ ಸರಿ, ಮಳೆಗೆ ಪಾಠ ತಪ್ಪುವ ವಿಷಯ ಯಾರೂ ಎತ್ತಲಿಲ್ಲ. ಕಾಯ್ದೆ ಪ್ರಕಾರ 1ರಿಂದ 5ಕ್ಕೆ ವರ್ಷಕ್ಕೆ 200 ದಿನ ಮತ್ತು 800 ಗಂಟೆ, 6ರಿಂದ 8ಕ್ಕೆ 220 ದಿನ ಮತ್ತು 1,000 ಗಂಟೆ ಪಾಠ. ನಮ್ಮಲ್ಲಿ ಜುಲೈ, ಆಗಸ್ಟ್‌ನಲ್ಲಿ ಸಂಗಮದ ನೀರು ರಸ್ತೆಗೆ ಬಂದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ಕೊಡಲೇಬೇಕು, ಮಕ್ಕಳ ಜೀವ ಮುಖ್ಯ. ಆದರೆ ಆಮೇಲೆ ಶನಿವಾರ ಮಧ್ಯಾಹ್ನ, ಭಾನುವಾರ ಅಂತ ಆ ದಿನಗಳನ್ನು ತುಂಬಿಸುತ್ತಾರೆ. ಭಾನುವಾರ ಮಕ್ಕಳು ಅರ್ಧಕ್ಕರ್ಧ ಬರಲ್ಲ. ದಿನ ತುಂಬಿತು, ಪಾಠ ತುಂಬಲಿಲ್ಲ.

ಕುಶಾಲನಗರದಲ್ಲಿ ಬಿಸಿಲು ಇರುವಾಗ ನಮ್ಮಲ್ಲಿ ಕೊಡೆ ನಿಲ್ಲಲ್ಲ. ಒಂದೇ ಜಿಲ್ಲೆಗೂ ಒಂದೇ ಕ್ಯಾಲೆಂಡರ್ ಹೊಂದಲ್ಲ. ರಾಜ್ಯಕ್ಕೆಲ್ಲ ಒಂದೇ ಅಂದರೆ ಇನ್ನೂ ಕಷ್ಟ.

ನಿವೃತ್ತ ಮೇಷ್ಟ್ರು, ಮಡಿಕೇರಿ

ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಕ್ಯಾಲೆಂಡರ್ ಬದಲಾಯಿಸುವುದು ಮೇಲಿನವರ ಕೈಯಲ್ಲಿದೆ. ಅದಕ್ಕೆ ಒತ್ತಾಯ ಮಾಡುತ್ತಲೇ ಇರಬೇಕು. ಆದರೆ ಪಾಠದ ಹಂಚಿಕೆ ಶಾಲೆಯ ಕೈಯಲ್ಲಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಹೊಸ, ಕಷ್ಟದ ಪಾಠ ಇಡಬೇಡಿ. ಓದು, ಬರಹ, ಮಗ್ಗಿ, ಹಿಂದಿನ ವರ್ಷದ್ದರ ಪುನರಾವರ್ತನೆ ಇರಲಿ. ನಡುವೆ ನಾಲ್ಕು ದಿನ ತಪ್ಪಿದರೂ ಎಳೆ ಕಡಿಯಲ್ಲ. ಅಕ್ಟೋಬರ್‌ನ ಕಾವೇರಿ ಸಂಕ್ರಮಣ ಕಳೆದ ಮೇಲೆ ಹುತ್ತರಿ (ಸುಗ್ಗಿ ಹಬ್ಬ)ವರೆಗಿನ ವಾರಗಳು ನಮಗೆ ಚಿನ್ನದ ಕಾಲ. ಮಳೆ ಕಡಿಮೆ, ಕುಯ್ಲು ಇನ್ನೂ ಜೋರಾಗಿಲ್ಲ, ಹಾಜರಾತಿ ಚೆನ್ನಾಗಿರುತ್ತದೆ. ಭಿನ್ನರಾಶಿಯಂಥದ್ದು ಆಗ ಹಿಡಿಯಿರಿ. ಪಾಠ ಹಂಚಿಕೆಯನ್ನು ಬೆಂಗಳೂರಿನ ತಿಂಗಳ ಲೆಕ್ಕದಲ್ಲಿ ನಕಲು ಮಾಡುವ ಬದಲು ನಮ್ಮ ಮಳೆ, ನಮ್ಮ ಕುಯ್ಲು ನೋಡಿ ಮಾಡಬೇಕು.

ಇನ್ನೊಂದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಮದೆನಾಡು ಕಡೆಯ ಎಷ್ಟೋ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಕ್ಕೆ ಬಂದವು. ಅದಾದ ಮೇಲೂ ಪ್ರತಿ ಮಳೆಗಾಲ ನಮಗೆ ಎದೆ ಢವಢವ. ಮಳೆಗೆ ಮುಂಚೆ ಪ್ರತಿ ಮಗುವಿನ ಮನೆಯ ಎರಡು ಫೋನ್ ನಂಬರ್, ಹತ್ತಿರದ ಎತ್ತರದ ಜಾಗ, ದಾರಿಯಲ್ಲಿ ಕಾಲುಸಂಕ ಇದೆಯಾ, ಬರೆದಿಡಿ. ಪ್ರವೇಶ ದಾಖಲಾತಿ ವಹಿಯ ಫೋಟೋ ತೆಗೆದು ಬೇರೆ ಕಡೆ ಇಡಿ. ಶಾಲೆಯ ಹಿಂದಿನ ಬರೆಯಲ್ಲಿ (ಗುಡ್ಡದ ಇಳಿಜಾರು) ಬಿರುಕು ಬಿಟ್ಟಿದೆಯಾ ಅಂತ ಮೇ ತಿಂಗಳಲ್ಲೇ ಹೋಗಿ ನೋಡಿ. ಬಿರುಕು ಕಂಡರೆ ಪಂಚಾಯಿತಿಗೆ ಆವತ್ತೇ ಬರೆಯಿರಿ, ಪ್ರತಿ ಇಟ್ಟುಕೊಳ್ಳಿ.

ಗೋಣಿಕೊಪ್ಪ ಶಾಲೆಯವ

ಇಷ್ಟು ಚಿಕ್ಕ ಶಾಲೆಗಳನ್ನು ಸೇರಿಸಿ ಒಂದು ದೊಡ್ಡ ಶಾಲೆ ಮಾಡಿದರೆ ಈ ಕಷ್ಟ ಅರ್ಧ ಕಡಿಮೆಯಾಗಲ್ವಾ? ತರಗತಿಗೊಬ್ಬ ಶಿಕ್ಷಕರು, ಗ್ರಂಥಾಲಯ, ಆಟದ ಮೈದಾನ. ಬಸ್ ಕೊಟ್ಟರಾಯಿತು.

ಸಿದ್ದಾಪುರ ಅಮ್ಮ (ಎಸ್‌ಡಿಎಂಸಿ ಸದಸ್ಯೆ)

ಬಸ್ ಬರುವ ರಸ್ತೆವರೆಗೆ ಮಗು ನಡೆಯಬೇಕಲ್ಲ ಅಣ್ಣ. ಆನೆ ಇರೋದು ಆ ದಾರಿಯಲ್ಲೇ. ಬಸ್ ಒಂದು ದಿನ ಕೆಟ್ಟರೆ ಮಗುವಿಗೆ ಶಾಲೆ ಇಲ್ಲ. ದೂರ ಆದರೆ ಮೊದಲು ನಿಲ್ಲೋದು ಹೆಣ್ಣುಮಕ್ಕಳ ಓದು.

ಬಿ.ಎಡ್. ಉಪನ್ಯಾಸಕ, ವಿರಾಜಪೇಟೆ

ನಡುವಿನ ದಾರಿ ಒಂದಿದೆ. 1964ರಿಂದ 66ರ ಕೊಠಾರಿ ಆಯೋಗ ಶಾಲಾ ಸಂಕೀರ್ಣ ಅಂತ ಸೂಚಿಸಿತ್ತು. ಒಂದು ಪ್ರೌಢಶಾಲೆ, ಸುತ್ತಲಿನ ಪ್ರಾಥಮಿಕ ಶಾಲೆಗಳು, ಎಲ್ಲ ಒಂದು ಗುಂಪು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನೇ ಮತ್ತೆ ಎತ್ತಿಕೊಂಡಿದೆ. ಶಾಲೆ ಇದ್ದಲ್ಲೇ ಇರುತ್ತದೆ. ದೈಹಿಕ ಶಿಕ್ಷಕರು, ಸಂಗೀತ ಶಿಕ್ಷಕರು, ಪ್ರಯೋಗಾಲಯ, ಪುಸ್ತಕಗಳನ್ನು ಹಂಚಿಕೊಳ್ಳಬಹುದು. ಒಬ್ಬರು ರಜೆ ಹಾಕಿದರೆ ಪಕ್ಕದ ಶಾಲೆಯವರು ಬರಬಹುದು. ಶಾಲೆ ಮುಚ್ಚಲು ಇದನ್ನು ನೆಪ ಮಾಡಿಕೊಳ್ಳಬಾರದು, ಅಷ್ಟು ಎಚ್ಚರ ಇದ್ದರೆ ಕೊಡಗಿಗೆ ಇದಕ್ಕಿಂತ ಹೊಂದುವ ಏರ್ಪಾಡು ನನಗೆ ಕಾಣಲ್ಲ. ಕೂಡಿಗೆಯ ಡಯಟ್‌ನವರು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ), ಸಿಆರ್‌ಪಿಗಳು ಸೇರಿದರೆ ಎರಡು ಮೂರು ಕ್ಲಸ್ಟರ್‌ನಲ್ಲಿ ಮಾಡಿ ನೋಡಬಹುದು.

ಸೋಮವಾರಪೇಟೆ ಟೀಚರ್

ಎಲ್ಲರ ಉತ್ತರ ಓದಿದೆ, ಕೆಲವನ್ನು ಎರಡು ಸಲ. ಮನಸ್ಸು ಹಗುರಾಯಿತು. ಎರಡು ಸಣ್ಣ ಪ್ರಶ್ನೆ ಉಳಿದಿವೆ. ನಾನು ಸಭೆಗೆ ಹೋದ ದಿನ ಇನ್ನೊಬ್ಬ ಟೀಚರ್ ಐದೂ ತರಗತಿ ಹೇಗೆ ನಿಭಾಯಿಸಬೇಕು? ಮತ್ತೆ, ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕು ಅಂತಾರೆ. ಹಳೆಯದನ್ನೇ ನಕಲು ಮಾಡಿ ವರ್ಷ ಬದಲಾಯಿಸಿ ಅಂತಲೂ ಅಂತಾರೆ.

ನಿವೃತ್ತ ಮೇಷ್ಟ್ರು, ಮಡಿಕೇರಿ

ಮೊದಲ ಪ್ರಶ್ನೆ. ನಿಮ್ಮಲ್ಲಿ 1, 2, 3ಕ್ಕೆ ನಲಿಕಲಿ ಇದೆಯಲ್ಲ, ಕಾರ್ಡು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿ. 1995ರಲ್ಲಿ ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು ಅದು. ಅಲ್ಲೂ ಕಾಡಿನಂಚಿನ ಚಿಕ್ಕ ಚಿಕ್ಕ ಶಾಲೆಗಳೇ. ಪ್ರತಿ ಮಗು ತನ್ನ ಮೆಟ್ಟಿಲು ತಾನೇ ನೋಡಿಕೊಂಡು ಕಾರ್ಡು ಎತ್ತಿಕೊಳ್ಳುವ ಅಭ್ಯಾಸ ಇದ್ದರೆ, ಟೀಚರ್ ಪಕ್ಕದಲ್ಲಿ ಇಲ್ಲದಿದ್ದರೂ ಕೆಲವು ಗುಂಪು ತಾವೇ ಕೆಲಸ ಮಾಡುತ್ತವೆ. ಅದನ್ನು ನೀವಿಬ್ಬರೂ ಇರುವ ದಿನವೇ ರೂಢಿ ಮಾಡಿಸಿ. 4, 5ನೇ ತರಗತಿಗೆ ಒಂದು ಪೆಟ್ಟಿಗೆ ಇಡಿ. ಅದರಲ್ಲಿ ಓದುವ ಪುಸ್ತಕ, ಲೆಕ್ಕದ ಚೀಟಿ, ನಕ್ಷೆ ಬಿಡಿಸುವ ಕೆಲಸ. "ಟೀಚರ್ ಸಭೆಗೆ ಹೋದ ದಿನದ ಪೆಟ್ಟಿಗೆ" ಅಂತ ಮಕ್ಕಳಿಗೇ ಗೊತ್ತಿರಲಿ. ಆವತ್ತಿನ ವೇಳಾಪಟ್ಟಿ ಬೇರೆಯೇ ಬರೆದು ಬಾಗಿಲ ಹಿಂದೆ ಅಂಟಿಸಿ. ಮೊದಲ ಒಂದು ಗಂಟೆ ದೊಡ್ಡವರಿಗೆ ಪಾಠ, ಚಿಕ್ಕವರಿಗೆ ಕಾರ್ಡು. ಆಮೇಲೆ ಅದಲು ಬದಲು. ಸಭೆಯ ದಿನಾಂಕ ಮುಂಚೆ ಗೊತ್ತಾದರೆ ಎಸ್‌ಡಿಎಂಸಿಯ ಒಬ್ಬ ತಾಯಿಯನ್ನು ಕಥೆ ಹೇಳಲು ಕರೆಯಿರಿ.

ಎರಡನೆಯದು. ನಕಲು ಮಾಡಬೇಡಿ. ಯೋಜನೆ ಮೂರು ವರ್ಷದ್ದು, ಅದರೊಳಗೆ ವರ್ಷಕ್ಕೊಂದು ಉಪಯೋಜನೆ. ಮುಂದಿನ ಮೂರು ವರ್ಷ ತರಗತಿವಾರು ಎಷ್ಟು ಮಕ್ಕಳು ಬರಬಹುದು, ಎಷ್ಟು ಶಿಕ್ಷಕರು ಬೇಕು, ಕಟ್ಟಡ, ಸಾಮಾನು, ಹಣ ಎಷ್ಟು ಬೇಕು ಅನ್ನೋದು ಅದರಲ್ಲಿ ಇರಬೇಕು. ಅಂಗನವಾಡಿಗೆ ಹೋಗಿ ಮೂರರಿಂದ ಆರು ವರ್ಷದ ಮಕ್ಕಳ ಪಟ್ಟಿ ತನ್ನಿ. ಮೊದಲ ಪುಟ ಅಲ್ಲೇ ಸಿಗುತ್ತದೆ. 23 ಮಕ್ಕಳ ಹೆಸರು ಬರೆದು, ಪ್ರತಿ ಹೆಸರಿನ ಮುಂದೆ ಇವತ್ತು ಏನು ಓದುತ್ತದೆ, ಮಾರ್ಚ್ ಹೊತ್ತಿಗೆ ಏನು ಓದಬೇಕು ಅಂತ ಬರೆಯಿರಿ. 23 ಮಕ್ಕಳ ಶಾಲೆಯಲ್ಲಿ ಮಾತ್ರ ಇದನ್ನು ಇಷ್ಟು ಸಲೀಸಾಗಿ ಮಾಡಲು ಆಗುತ್ತದೆ. ಆಮೇಲೆ ಅದನ್ನು ಸಮಿತಿಯಲ್ಲಿ ಜೋರಾಗಿ ಓದಿ, ತಿದ್ದಿಸಿ, ಸಹಿ ಹಾಕಿಸಿ.

ಸಿಆರ್‌ಪಿ, ಹೆಸರು ಬೇಡ

ಟೀಚರ್, ಯೋಜನೆಯ ಕರಡು ಆದ ಮೇಲೆ ನನಗೂ ಒಂದು ಪ್ರತಿ ಕಳಿಸಿ. ನಿಮ್ಮ ಕ್ಲಸ್ಟರ್ ನನ್ನದಲ್ಲದಿರಬಹುದು, ಆದರೂ ಓದಿ ಹೇಳುತ್ತೇನೆ. ಸಮಿತಿ ಸಭೆಯನ್ನು ಶನಿವಾರ ಮಧ್ಯಾಹ್ನ ಇಟ್ಟುಕೊಂಡರೆ ನಾನೂ ಬರುತ್ತೇನೆ.